ಕಂದಕದಲ್ಲಿ ಸಿಕ್ಕ ಕಬ್ಬಿಣ

ನಾನು ಚಿಕ್ಕವಳಿದ್ದಾಗ ಇತಿಹಾಸವೆಂದರೆ ನನಗೆ ಗೋಡೆಯ ಮೇಲಿನ ಒಂದು ಪಟ, ಅಷ್ಟೇ. ಆಗ ನಮ್ಮ ಕೊಡಗನ್ನು ಬ್ರಿಟಿಷರು ಆಳುತ್ತಿದ್ದರು. ಶಾಲೆಯ ಗೋಡೆಯಲ್ಲಿ ಕಿರೀಟ ಹಾಕಿಕೊಂಡ ಚಕ್ರವರ್ತಿಯ ಪಟವಿತ್ತು. ಪುಸ್ತಕದಲ್ಲಿ ಅವನ ಅಪ್ಪ, ಅಜ್ಜ, ಮುತ್ತಜ್ಜಂದಿರ ಹೆಸರುಗಳಿದ್ದವು. ಅವನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು. ನನ್ನ ಸ್ವಂತ ಮುತ್ತಜ್ಜನ ಹೆಸರು ನನಗೆ ಗೊತ್ತಿರಲಿಲ್ಲ. ಸಮುದ್ರದಾಚೆಯವರ ಮುತ್ತಜ್ಜಂದಿರು ಮಾತ್ರ ನಾಲಿಗೆಯ ತುದಿಯಲ್ಲಿದ್ದರು. ನಗಬೇಡಿ, ಮಕ್ಕಳೇ. ನಿಮ್ಮ ಮುತ್ತಜ್ಜನ ಹೆಸರು ಕೇಳಿದರೆ ನೀವೂ ಅಮ್ಮನ ಮುಖವನ್ನೇ ನೋಡುತ್ತೀರಿ!

ನಮ್ಮ ಊರು ಸೋಮವಾರಪೇಟೆಯಿಂದ ಆಚೆ, ಗದ್ದೆಗಳಿಗೂ ಕಾಫಿ ಎಸ್ಟೇಟುಗಳಿಗೂ ನಡುವೆ ಇತ್ತು. ಅಪ್ಪ ಕಮ್ಮಾರ. ಮನೆಯ ಪಕ್ಕದಲ್ಲೇ ಕುಲುಮೆ. ಸುತ್ತಲ ಹಳ್ಳಿಗಳ ಕತ್ತಿ, ಕುಡುಗೋಲು, ನೇಗಿಲ ಗುಳ ಎಲ್ಲವೂ ಹದವಾಗಲು ಅಲ್ಲಿಗೇ ಬರುತ್ತಿದ್ದವು. ಬೆಂಕಿಗೆ ಗಾಳಿ ಊದುವ ಚರ್ಮದ ತಿದಿಯನ್ನು ಮೊದಲು ಅಕ್ಕ ಒತ್ತುತ್ತಿದ್ದಳು. ಅಕ್ಕ ಮದುವೆಯಾಗಿ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎದ್ದು ತಿದಿ ಒತ್ತಿ, ಕೈಕಾಲು ತೊಳೆದು ಶಾಲೆಗೆ ಓಡುತ್ತಿದ್ದೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಇದ್ದಿಲು ಉಳಿದೇ ಇರುತ್ತಿತ್ತು. ಪುಸ್ತಕದ ಚೀಲವನ್ನು ಕುಲುಮೆಯ ಮೂಲೆಯಲ್ಲಿ ನೆಲದ ಮೇಲೆ ಇಡುತ್ತಿದ್ದೆ. ಸಂಜೆಯಾಗುವಷ್ಟರಲ್ಲಿ ಅದಕ್ಕೂ ಬೂದಿಯ ಅಭಿಷೇಕ ಆಗಿರುತ್ತಿತ್ತು.

ನಾಲ್ಕನೆಯ ತರಗತಿ ಮುಗಿಯಲು ಬಂದಿತ್ತು. ಮುಂದಕ್ಕೆ ಓದಬೇಕಾದರೆ ಪೇಟೆಯ ದೊಡ್ಡ ಶಾಲೆಗೆ ಹೋಗಬೇಕು. ಅಪ್ಪ ಅದಕ್ಕೆ ಒಪ್ಪಿರಲಿಲ್ಲ. ಅವರು ಕೆಟ್ಟವರಲ್ಲ, ಹಟಮಾರಿ. ಓದು ಬರಹ ಬಂತಲ್ಲ, ಇನ್ನು ಸಾಕು ಅನ್ನುತ್ತಿದ್ದರು. ನಾನು ರಾತ್ರಿ ಅವ್ವನ ಸೆರಗಿಗೆ ಮುಖ ಒರೆಸಿಕೊಂಡು ಅತ್ತದ್ದೂ ಉಂಟು. ಅವ್ವ ತಲೆ ಸವರುತ್ತಿದ್ದಳೇ ಹೊರತು ಏನೂ ಹೇಳುತ್ತಿರಲಿಲ್ಲ. ಕುಲುಮೆಯ ವಿಷಯದಲ್ಲಿ ಅವಳ ಮಾತು ನಡೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಮೇಷ್ಟ್ರು ಕುಲುಮೆಗೆ ಬಂದರು. ಕೈಯಲ್ಲಿ ಕಡ್ಡಿ ಮುರಿದ ಛತ್ರಿ. ಮೇಷ್ಟ್ರು ಸಣ್ಣ ಆಳು, ಮೆಲುದನಿ, ತಲೆಗೆ ಸದಾ ಒಂದು ಕಪ್ಪು ಟೋಪಿ. ಛತ್ರಿಯ ಕಡ್ಡಿ ಸರಿಮಾಡಿಸುವುದು ನೆಪ ಎಂದು ನನಗೆ ಆಗಲೇ ಅನುಮಾನ ಬಂತು. ಯಾಕೆಂದರೆ ಆ ಕಡ್ಡಿ ಮುರಿದು ವರ್ಷವೇ ಆಗಿತ್ತು.

"ಮಕ್ಳನ್ನ ಕಡಂಗ ತೋರ್ಸೋಕೆ ಕರ್ಕೊಂಡ್ ಹೋಗ್ತಾ ಇದೀನಿ. ನಿಮ್ಮ ಮಗ್ಳನ್ನೂ ಒಂದಿನ ಕಳ್ಸಿ," ಎಂದರು ಮೇಷ್ಟ್ರು.

"ಕಡಂಗ ನೋಡಿದ್ರೆ ಹೊಟ್ಟೆ ತುಂಬ್ತದಾ ಮೇಷ್ಟ್ರೇ? ಇಲ್ಲಿ ತಿದಿ ಯಾರು ಒತ್ತಾರೆ?"

"ಕಬ್ಬಿಣ ಕಾದಾಗ್ಲೇ ಬಡೀಬೇಕು ಅಂತ ನಿಮ್ಗೆ ನಾನು ಹೇಳ್ಕೊಡ್ಬೇಕಾ? ಈ ವಯಸ್ಸು ಮತ್ತೆ ಬತ್ತದಾ?"

ಕಮ್ಮಾರನಿಗೇ ಕಬ್ಬಿಣದ ಮಾತು! ಅಪ್ಪನಿಗೆ ನಗು ಬಂತು. ಆದರೂ ಸೋಲಲು ಮನಸ್ಸಿಲ್ಲ. ಸುತ್ತಿಗೆ ಕೆಳಗಿಟ್ಟು, "ಸರಿ, ಒಂದಿನ ಬರ್ಲಿ. ಅಲ್ಲಿಂದ ಏನ್ ತತ್ತಾಳೆ ನೋಡ್ತೀನಿ. ಉಪಯೋಗಕ್ಕೆ ಬರೋದು ಏನಾದ್ರೂ ತಂದ್ರೆ ಮುಂದಕ್ಕೆ ಓದ್ಲಿ. ಇಲ್ದಿದ್ರೆ ಆ ಮಾತ್ನ ನೀವೂ ಎತ್ಬಾರ್ದು," ಎಂದರು.

ಮೇಷ್ಟ್ರು ಒಂದು ಕ್ಷಣವೂ ಯೋಚಿಸದೆ "ಆಗ್ಲಿ" ಅಂದುಬಿಟ್ಟರು. ನನ್ನ ಇಡೀ ಓದು ಒಂದು ದಿನದ ತಿರುಗಾಟದ ಮೇಲೆ ನಿಂತಿತ್ತು. ಅದೂ ನಾನು ಕಂಡಿಲ್ಲದ ಒಂದು ಹಳ್ಳದ ಮೇಲೆ.

ಕಡಂಗ ಅಂದರೆ ಹಿಂದಿನ ಕಾಲದ ಯುದ್ಧದ ಕಂದಕ. ರಾಜರ ಕಾಲದಲ್ಲಿ ಶತ್ರುಗಳನ್ನು ತಡೆಯಲು ಬೆಟ್ಟಗುಡ್ಡಗಳ ಮೇಲೆ ಮೈಲಿಗಟ್ಟಲೆ ಅಗೆಸುತ್ತಿದ್ದರು. ಒಂದು ಬದಿಗೆ ಆಳವಾದ ಹಳ್ಳ, ಇನ್ನೊಂದು ಬದಿಗೆ ಎತ್ತರದ ಮಣ್ಣಿನ ದಿಬ್ಬ. ಈಗಲೂ ಕೊಡಗಿನ ಕಾಡುಗಳಲ್ಲಿ, ತೋಟಗಳಲ್ಲಿ ಅವು ಉಳಿದಿವೆ. ಎಸ್ಟೇಟೊಂದರಲ್ಲಿ ಅಂಥದು ಇದೆ ಎಂದು ಮೇಷ್ಟ್ರು ಯಾರಿಂದಲೋ ಕೇಳಿದ್ದರು. ಆ ಎಸ್ಟೇಟಿನ ರೈಟರ ಮಗ ನಮ್ಮ ತರಗತಿಯಲ್ಲೇ ಇದ್ದ. ಲೆಕ್ಕಪತ್ರ ಬರೆಯುವ ಅವನ ಅಪ್ಪನಿಗೆ ಹೇಳಿ, ಎಸ್ಟೇಟಿನ ಯಜಮಾನನಾದ ಬಿಳಿಯ ದೊರೆಯ ಅಪ್ಪಣೆಯನ್ನೂ ಪಡೆದಿದ್ದರು.

ಹೊರಟ ದಿನ ಇನ್ನೂ ಮಂಜು ಬಿಟ್ಟಿರಲಿಲ್ಲ. ಒಟ್ಟು ಹದಿಮೂರು ಮಕ್ಕಳು. ಹುಡುಗಿಯರು ಇಬ್ಬರೇ, ನಾನು ಮತ್ತು ಮೇಷ್ಟ್ರ ಮಗಳು. ಎಲ್ಲರ ಕೈಯಲ್ಲೂ ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಕಾಯಿಚಟ್ನಿ. ಮೇಷ್ಟ್ರು ನಮ್ಮನ್ನು ಸಾಲಾಗಿ ನಿಲ್ಲಿಸಿ, "ಮುಂದಿರೋರ ಬೆನ್ನು ನಿಮ್ಮ ಜವಾಬ್ದಾರಿ. ಬೆನ್ನು ಕಾಣ್ಲಿಲ್ಲ ಅಂದ್ರೆ ಕೂಗಿ," ಎಂದರು. ಅವರು ಎಲ್ಲರಿಗಿಂತ ಹಿಂದೆ ನಡೆದರು. ತೊರೆ ದಾಟಿದ ಮೇಲೆ ಒಮ್ಮೆ, ಗೇಟು ಬಂದಾಗ ಒಮ್ಮೆ, ಕವಲುದಾರಿಯಲ್ಲಿ ಒಮ್ಮೆ, ಹೀಗೆ ಹೆಜ್ಜೆಹೆಜ್ಜೆಗೂ ನಿಲ್ಲಿಸಿ, ಛತ್ರಿಯ ಹಿಡಿಯನ್ನು ಒಬ್ಬೊಬ್ಬರ ತಲೆಗೂ ತಾಗಿಸಿ ಎಣಿಸುತ್ತಿದ್ದರು. ಬಾಗಿಲ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮಕ್ಕಳನ್ನೂ ಮನೆ ಸೇರಿಸುತ್ತೇನೆ ಎಂದು ಹದಿಮೂರು ಮನೆಗಳಿಗೂ ಮಾತು ಕೊಟ್ಟಿದ್ದರು. ಹನ್ನೆರಡು ಮನೆ ಅನ್ನಬೇಕು, ಒಂದು ಅವರದೇ!

ಎಸ್ಟೇಟಿನ ಒಳಗೆ ಕಾಲಿಟ್ಟಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಹಿಂದಿನ ವಾರ ಹೂಮಳೆ ಬಂದಿತ್ತಾದ್ದರಿಂದ ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಿದ್ದವು. ಮಲ್ಲಿಗೆಯಂಥ ಆ ಪರಿಮಳಕ್ಕೆ ತಲೆ ಸಣ್ಣಗೆ ತಿರುಗುತ್ತಿತ್ತು. ಎಲ್ಲೆಲ್ಲೂ ಜೇನುನೊಣಗಳ ಗುಂಯ್ ಸದ್ದು. ರೈಟರ ಮಗ ಎದೆ ಮುಂದೆ ಮಾಡಿಕೊಂಡು "ಇದು ನಮ್ಮ ಎಸ್ಟೇಟು, ಹೂ ಕೀಳ್ಬೇಡ್ರೋ" ಎಂದು ಹೇಳುತ್ತ ನಡೆದ. ಅವನ ಅಪ್ಪನಿಗೆ ಅಲ್ಲಿ ಇದ್ದದ್ದು ಒಂದು ಮೇಜು, ಒಂದು ಕುರ್ಚಿ. ಆದರೂ ಅವನ ಗತ್ತು ನೋಡಿದರೆ ದೊರೆಯೇ ಬಂದು ಸಲಾಮು ಹೊಡೆಯಬೇಕು.

ಲೈನುಗಳನ್ನು, ಅಂದರೆ ಕೂಲಿಯವರ ಸಾಲುಮನೆಗಳನ್ನು ದಾಟಿ ಒಂದಷ್ಟು ಏರಿದ ಮೇಲೆ ಕಂದಕ ಸಿಕ್ಕಿತು. ನನ್ನ ಎರಡರಷ್ಟು ಆಳ. ತಳದಲ್ಲಿ ತರಗೆಲೆ, ಬದಿಯಲ್ಲಿ ಜರಿಗಿಡ. ಮೇಷ್ಟ್ರು ಕಷ್ಟಪಟ್ಟು ಒಳಗಿಳಿದರು. ನಾವು ಧುಮುಕಿದೆವು. ಮೆಲುದನಿಯ ಮೇಷ್ಟ್ರು ಆಮೇಲೆ ಆಡಿದ ಮಾತನ್ನು ನೀವು ಕೇಳಬೇಕಿತ್ತು! ಇಲ್ಲೇ ರಾಜರ ಸೈನಿಕರು ಮಲಗಿ ಕಾಯುತ್ತಿದ್ದರು, ಇದೇ ದಿಬ್ಬದ ಮೇಲೆ ಬಂದೂಕು ಊರುತ್ತಿದ್ದರು, ಇದೇ ಮಣ್ಣಿಗೆ ಅವರ ಬೆವರು ಬಿದ್ದಿದೆ ಎಂದು ಹೇಳುತ್ತ ಹೇಳುತ್ತ ಅವರ ಟೋಪಿ ಓರೆಯಾಯಿತು. ಹುಡುಗರು ಕಡ್ಡಿಗಳನ್ನೇ ಬಂದೂಕು ಮಾಡಿಕೊಂಡು ಮಣ್ಣಿನಲ್ಲಿ ಮಲಗಿದರು. ಪುಸ್ತಕದ ಮುತ್ತಜ್ಜಂದಿರೆಲ್ಲ ನನಗೆ ಮರೆತೇಹೋದರು.

ಆದರೆ ನನ್ನ ಕಣ್ಣು ನೆಲದ ಮೇಲಿತ್ತು. ಏನಾದರೂ ತರಬೇಕಲ್ಲ! ತರಗೆಲೆ ಕೆದಕುತ್ತ ಹೋದೆ. ದಿಬ್ಬದ ಬುಡದಲ್ಲಿ ಕೈಗೆ ಗಟ್ಟಿಯಾದದ್ದು ತಾಗಿತು. ಎಳೆದು ನೋಡಿದರೆ ಅಂಗೈಯಗಲದ ಒಂದು ಕಬ್ಬಿಣದ ಚೂರು. ಮೂರು ಮೂಲೆ, ಒಂದು ಬದಿ ಚೂಪು, ಮೈತುಂಬ ತುಕ್ಕು. "ಮೇಷ್ಟ್ರೇ!" ಎಂದು ಕಿರುಚಿದೆ. ಮೇಷ್ಟ್ರು ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, "ಭರ್ಜಿಯ ತುದಿ ಇರ್ಬೇಕು, ಮಕ್ಳೇ," ಎಂದರು.

ಆಯುಧ ಕಂಡರೆ ಪೂಜೆ ಮಾಡುವ ನಾಡು ನಮ್ಮದು. ಯಾರೂ ಹೇಳಿಕೊಡಲಿಲ್ಲ. ಒಬ್ಬ ಹುಡುಗ ಕಲ್ಲೊಂದನ್ನು ತಂದಿಟ್ಟ, ಮೇಷ್ಟ್ರ ಮಗಳು ಎಲೆ ಹಾಸಿದಳು, ನಾನು ಭರ್ಜಿಯನ್ನು ಅದರ ಮೇಲಿಟ್ಟೆ. ಹೂ ಕೀಳಬೇಡಿ ಎಂದಿದ್ದ ರೈಟರ ಮಗನೇ ಒಂದು ಹಿಡಿ ಕಾಫಿಹೂ ತಂದು ಸುರಿದ. ಹದಿಮೂರು ಜನವೂ ಸಾಲಾಗಿ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆವು. ಕಮ್ಮಾರನ ಮಗಳಾದ ನನಗೆ ಒಂದು ಅನುಮಾನ ಬರಬೇಕಿತ್ತು. ನಿಜ ಹೇಳಬೇಕೆಂದರೆ, ಸ್ವಲ್ಪ ಬಂದಿತ್ತು. ಭರ್ಜಿ ಇಷ್ಟು ತೆಳ್ಳಗೆ, ಇಷ್ಟು ಚಪ್ಪಟೆಯಾಗಿ ಇರುವುದಿಲ್ಲ. ಆದರೆ ಅದು ಭರ್ಜಿಯಾಗುವುದು ನನಗೆ ಬೇಕಾಗಿತ್ತು. ಬೇಕಾದದ್ದನ್ನು ನಂಬುವುದು ಎಷ್ಟು ಸುಲಭ ನೋಡಿ.

ಆಗ ಮೇಲಿನಿಂದ ಯಾರೋ ನಕ್ಕರು. ದಿಬ್ಬದ ಮೇಲೆ ಒಬ್ಬ ಅಜ್ಜ ಕುಳಿತಿದ್ದ. ತಲೆಗೆ ಅಡಿಕೆ ಹಾಳೆಯ ಟೋಪಿ, ಬಾಯಿತುಂಬ ವೀಳ್ಯ. ಘಟ್ಟದ ಕೆಳಗಿನಿಂದ ಬಂದು ಲೈನಿನಲ್ಲೇ ಮುದುಕನಾದ ಕೂಲಿಯವನು ಎಂದು ಅವನ ಮಾತಿನಲ್ಲೇ ಗೊತ್ತಾಯಿತು.

"ಎಂತ ಮಕ್ಳೇ, ನನ್ನ ಗುದ್ದಲಿಗೆ ಪೂಜೆಯಾ?"

ಯಾರಿಗೂ ಅರ್ಥವಾಗಲಿಲ್ಲ. ಅಜ್ಜ ನಿಧಾನಕ್ಕೆ ಕೆಳಗಿಳಿದು ಬಂದು, ಹೂವಿನ ನಡುವಿನಿಂದ ಚೂರನ್ನು ಎತ್ತಿ, ಬೆರಳಿನಿಂದ ಅಂಚು ಸವರಿದ. "ಇದು ರಾಜನ ಕಡಂಗ ಅಲ್ಲ ಮಾರಾಯ್ರೆ. ದನ ತೋಟಕ್ಕೆ ಬಾರದ ಹಾಗೆ ಹಳೇ ದೊರೆ ತೋಡಿಸಿದ ಕಂದಕ. ತೋಡಿದ್ದು ನಾವು. ನನ್ನ ಹೆಂಡತಿ ಬುಟ್ಟಿಯಲ್ಲಿ ಮಣ್ಣು ಹೊತ್ತದ್ದು. ಅಗೋ ಆ ಬಂಡೆಗೆ ತಾಗಿ ಗುದ್ದಲಿ ಮುರಿದಾಗ ನಾನು ತಿಂದ ಬೈಗುಳ ಇನ್ನೂ ಕಿವಿಯಲ್ಲಿ ಉಂಟು."

ನನಗೆ ಆ ಅಜ್ಜನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನು ಅರ್ಧ ಗಂಟೆ ತಡವಾಗಿ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು? ಮೇಷ್ಟ್ರು ಅವನನ್ನು ಗದರಿಸಿ ಓಡಿಸಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮೇಷ್ಟ್ರು ಕೆಂಪಗಾಗಿದ್ದರು. ಅವರು ನನ್ನನ್ನು ನೋಡಿದರು. ನನ್ನ ಅಪ್ಪನಿಗೆ ಕೊಟ್ಟ ಮಾತು ಅವರಿಗೂ ನೆನಪಾಗಿತ್ತು. ಆಮೇಲೆ ಟೋಪಿ ತೆಗೆದು ಬೆವರೊರೆಸಿಕೊಂಡರು.

"ಮಕ್ಳೇ, ನಾನು ಹೇಳಿದ್ದು ತಪ್ಪು. ವಿಚಾರಿಸ್ದೆ ಹೇಳ್ಬಿಟ್ಟೆ," ಎಂದರು. "ಗೊತ್ತಿರೋರು ಇವ್ರು. ಈಗ ಇವ್ರು ಹೇಳ್ತಾರೆ, ಕೂತ್ಕೊಂಡು ಕೇಳಿ."

ಮೇಷ್ಟ್ರು ತಪ್ಪಾಯಿತು ಅನ್ನುವುದನ್ನು ನಾವು ಯಾರೂ ಅಲ್ಲಿಯತನಕ ಕೇಳಿರಲಿಲ್ಲ. ಆ ಕಾಲದಲ್ಲಿ ತಪ್ಪು ಮಾಡುವುದು, ಬೆತ್ತದ ಏಟು ತಿನ್ನುವುದು ಮಕ್ಕಳ ಕೆಲಸ. ಅವರು ತಮ್ಮ ಮಡಿಸಿದ ಟವೆಲನ್ನು ಕಲ್ಲಿನ ಮೇಲೆ ಹಾಸಿ ಅಜ್ಜನನ್ನು ಕೂರಿಸಿ, ತಾವು ನಮ್ಮ ಜೊತೆ ತರಗೆಲೆಯ ಮೇಲೆ ಕುಳಿತರು. ಅಜ್ಜನಿಗೆ ನಾಚಿಕೆ. ಎಲೆಯಡಿಕೆ ಉಗಿದು ಬಂದು ಮಾತು ಶುರುಮಾಡಿದ. ಮಳೆಯಲ್ಲಿ ಅಗೆದದ್ದು, ಬದಿ ಕುಸಿದು ಜೊತೆಯವನ ಕಾಲು ಸಿಕ್ಕಿಕೊಂಡದ್ದು, ಒಂದೇ ಕಂಬಳಿಯಲ್ಲಿ ಮೂರು ಜನ ನಿಂತದ್ದು, ಎಲ್ಲ ಹೇಳಿದ. ಅವನ ಹೆಂಡತಿ ಈಗ ಇಲ್ಲ, ಅವಳು ಮಣ್ಣು ಸುರಿದ ದಿಬ್ಬ ಇದೆ. ದಿನಾ ಅದರ ಮೇಲೆ ಬಂದು ಕೂರುತ್ತಾನಂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕೊನೆಗೆ ಅಜ್ಜ ಎದ್ದು, "ನಿಜವಾದ ಕಡಂಗ ಬೇಕಾ? ಬನ್ನಿ," ಎಂದ. ದೊರೆ ಬುದ್ಧಿವಂತ, ಹೊಸ ಕಂದಕವನ್ನು ಅಗೆಸುತ್ತ ಅಗೆಸುತ್ತ ಹಳೆಯ ಕಡಂಗಕ್ಕೆ ತಂದು ಸೇರಿಸಿ ಕೆಲಸ ಉಳಿಸಿದ್ದನಂತೆ. ಮೇಷ್ಟ್ರು ಬಿಸಿಲು ನೋಡಿದರು, ನಮ್ಮ ತಲೆಗಳನ್ನು ಎಣಿಸಿದರು, "ಬೇಗ ನೋಡ್ಕೊಂಡ್ ಬಂದ್ಬಿಡೋಣ" ಎಂದರು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಕಂದಕ ಅಗಲವಾಯಿತು, ಬದಿಗಳು ಸವೆದು ದುಂಡಗಾದವು. ತಳದ ನಟ್ಟನಡುವೆ ಒಂದು ಹೆಮ್ಮರ ನಿಂತಿತ್ತು. ನಾವು ಐದು ಜನ ಕೈ ಹಿಡಿದುಕೊಂಡರೂ ಅದನ್ನು ಸುತ್ತಲು ಆಗಲಿಲ್ಲ. "ಮರ ಹುಟ್ಟುವ ಮೊದಲೇ ಗುಂಡಿ ಇತ್ತು ಅಲ್ಲವಾ?" ಎಂದು ಅಜ್ಜ ಕೇಳಿದ. "ಹೊಸದು ಹಳೆಯದು ತಿಳಿಯಬೇಕಾದರೆ ಮರವನ್ನು ನೋಡಬೇಕು." ಮೇಷ್ಟ್ರು ಆ ಮಾತನ್ನು ತಮ್ಮ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಹೊರಡುವಾಗ ಅಜ್ಜ ಚೂರನ್ನು ನನ್ನ ಕೈಗೇ ಇಟ್ಟ. "ಪೂಜೆ ಮಾಡಿದ್ದು ತಪ್ಪಲ್ಲ ಮಗಾ. ಗುದ್ದಲಿಗೂ ಆಯುಧಪೂಜೆ ಉಂಟು," ಎಂದ.

ಹಿಂತಿರುಗುವ ದಾರಿ ನನಗೆ ಬಲು ಉದ್ದವಾಯಿತು. ಮುರುಕು ಗುದ್ದಲಿ ತಗೊಂಡು ಅಪ್ಪನ ಮುಂದೆ ಹೇಗೆ ನಿಲ್ಲುವುದು? ಮುರುಕು ಗುದ್ದಲಿಗಳು ನಮ್ಮ ಕುಲುಮೆಯಲ್ಲೇ ರಾಶಿ ಬಿದ್ದಿದ್ದವು. ರೈಟರ ಮಗ ಹಿಂದೆ ಬಂದು ಪಿಸುಗುಟ್ಟಿದ. "ಭರ್ಜಿ ಅಂತ್ಲೇ ಹೇಳು ಕಣೆ. ನಾವ್ಯಾರೂ ಬಾಯಿ ಬಿಡಲ್ಲ." ಗತ್ತಿನ ಹುಡುಗನಾದರೂ ಮನಸ್ಸು ಒಳ್ಳೆಯದು. ಮೇಷ್ಟ್ರಿಗೆ ಆ ಮಾತು ಕೇಳಿಸಿತ್ತು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ಸಲ ನನ್ನ ತಲೆಗೆ ಛತ್ರಿಯ ಹಿಡಿ ತಾಗಿಸಿ "ಏಳು" ಎಂದು ಎಣಿಸಿ ಮುಂದೆ ಹೋದರು. ಭರ್ಜಿ ಅನ್ನು ಎಂದು ಅವರೇ ಹೇಳಿದ್ದರೆ ಎಷ್ಟು ಹಗುರವಾಗುತ್ತಿತ್ತು ಅನ್ನಿಸಿತು.

ಬಾಗಿಲ ದೀಪ ಇನ್ನೂ ಹಚ್ಚಿರಲಿಲ್ಲ. ಮೇಷ್ಟ್ರು ಉಳಿದವರನ್ನೆಲ್ಲ ಮನೆ ಸೇರಿಸಿ ಕೊನೆಗೆ ಮಗಳೊಂದಿಗೆ ನನ್ನ ಜೊತೆ ಕುಲುಮೆಗೆ ಬಂದರು. ಅಪ್ಪ ಕೈ ಚಾಚಿದರು. ನಾನು ಚೂರನ್ನು ಕೊಟ್ಟೆ. ಅಪ್ಪ ಅದನ್ನು ಅತ್ತಿತ್ತ ತಿರುಗಿಸಿದರು, ಉಗುರಿನಿಂದ ತುಕ್ಕು ಕೆರೆದರು, ಬೆಂಕಿಯ ಬೆಳಕಿಗೆ ಹಿಡಿದರು.

"ಏನವ್ವ ಇದು?"

ಭರ್ಜಿ ಅನ್ನುವ ಮಾತು ತುಟಿಯ ತನಕ ಬಂದಿತ್ತು. ಮೇಷ್ಟ್ರ ಕಡೆ ನೋಡಿದೆ. ಅವರು ಛತ್ರಿಯ ತುದಿಯನ್ನು ನೋಡುತ್ತಿದ್ದರು. ಯಾಕೋ ಅಜ್ಜನ ಹೆಂಡತಿ ಬುಟ್ಟಿ ಹೊತ್ತು ನಿಂತಂತೆ ಕಂಡಿತು. "ಗುದ್ದಲಿ ಚೂರು," ಎಂದೆ. ಅಲ್ಲಿಗೆ ಅಳು ಕಿತ್ತುಕೊಂಡು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಪೂಜೆ ಮಾಡಿದ್ದು, ಅಜ್ಜ ನಕ್ಕಿದ್ದು, ಮಣ್ಣು ಹೊತ್ತವರ ಕಥೆ, ಕಡಂಗದ ನಡುವಿನ ಮರ, ಒಂದನ್ನೂ ಬಿಡಲಿಲ್ಲ. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದ್ದು ಒಂದೇ ಮಾತು.

"ಮೇಷ್ಟ್ರು ತಪ್ಪಾಯ್ತು ಅಂದ್ರಾ? ಮಕ್ಳೆಲ್ರ ಎದುರಿಗೆ?"

ನಾನು ತಲೆಯಾಡಿಸಿದೆ. "ಅಂದೆ. ತಪ್ಪು ನಂದೇ," ಎಂದರು ಮೇಷ್ಟ್ರು.

ಅಪ್ಪ ಚೂರನ್ನು ಬೆಂಕಿಗೆ ಹಾಕಿ, ನನ್ನ ಕಡೆ ತಿರುಗದೆ "ತಿದಿ ಒತ್ತು" ಎಂದರು. ಮುಗಿಯಿತು ನನ್ನ ಓದು ಅಂದುಕೊಂಡೆ. ಕಣ್ಣೊರೆಸಿಕೊಂಡು ತಿದಿ ಒತ್ತಿದೆ. ಕಬ್ಬಿಣ ಕೆಂಪಾಯಿತು, ಅಪ್ಪ ಅಡಿಗಲ್ಲಿನ ಮೇಲಿಟ್ಟು ಬಡಿದರು, ಮಡಿಸಿದರು, ಮತ್ತೆ ಕಾಯಿಸಿದರು. ಉದ್ದನೆಯ ಒಂದು ಮೊಳೆ ಮೂಡಿತು. ಒಂದು ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ನೀರಿಗೆ ಅದ್ದಿದಾಗ ಚೊಂಯ್ ಎಂದು ಹಬೆ ಎದ್ದಿತು. ಅಪ್ಪ ಅದನ್ನು ಬಾಗಿಲ ಪಕ್ಕದ ಗೋಡೆಯಲ್ಲಿ, ನನ್ನ ಕೈಗೆ ನಿಲುಕುವ ಎತ್ತರ ನೋಡಿ, ನಾಲ್ಕು ಏಟಿಗೆ ಹೊಡೆದು ಕೂರಿಸಿದರು.

"ಚೀಲ ಇದಕ್ಕೆ ನೇತಾಕು. ಪೇಟೆ ಸ್ಕೂಲಿಗೆ ಬೂದಿ ಚೀಲ ತಗೊಂಡ್ ಹೋಗ್ತೀಯಾ?"

ಮೇಷ್ಟ್ರು ಟೋಪಿ ಸರಿಮಾಡಿಕೊಂಡು, ಮಗಳ ಕೈ ಹಿಡಿದು ಸುಮ್ಮನೆ ಹೊರಟುಹೋದರು. ಛತ್ರಿಯ ಕಡ್ಡಿ ಸರಿಮಾಡಿಸಿಕೊಳ್ಳಲು ಆ ದಿನವೂ ಮರೆತರು.

ಎಷ್ಟೋ ದಿನಗಳ ಮೇಲೆ ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ, ಭರ್ಜಿ ಅಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಅಪ್ಪ ನಕ್ಕರು. "ಕೈಗ್ ತಗೊಂಡಾಗ್ಲೇ ಗುದ್ದಲಿ ಅಂತ ಗೊತ್ತಾಯ್ತು. ನಿನ್ ಬಾಯಲ್ಲಿ ಏನ್ ಬತ್ತದೆ ಅಂತ ಕಾಯ್ತಿದ್ದೆ. ತಪ್ಪು ಒಪ್ಕೊಳೋ ಮೇಷ್ಟ್ರು ಸಿಗೋದು ಕಷ್ಟ ಕಣವ್ವ. ಅಂಥೋರ ಮಾತಿಗೆ ಬೆಲೆ ಕೊಡ್ಬೇಕು."

ಹೋದ ತಿಂಗಳು ನೀವು ಶಾಲೆಯಿಂದ ಮಡಿಕೇರಿ ಕೋಟೆಗೆ ಬಸ್ಸಿನಲ್ಲಿ ಹೋಗಿಬಂದಿರಿ. ನಾವು ದಿನವಿಡೀ ನಡೆದ ದೂರ ನಿಮಗೆ ಒಂದು ಹಾಡು ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಫೋನಿನಲ್ಲಿ ನೂರಾರು ಫೋಟೊ ತಂದು ತೋರಿಸಿದಿರಿ. ಕೋಟೆಯ ಕಲ್ಲು ಹೊತ್ತವರು ಯಾರು ಎಂದು ನಾನು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಬೇಜಾರಿಲ್ಲ. ಆ ಅಜ್ಜ ಬಂದು ನಗದಿದ್ದರೆ ನನಗೂ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ. ಆದರೆ ಒಂದು ವಿಡಿಯೊದಲ್ಲಿ ನೀವೆಲ್ಲ ಬಸ್ಸು ಹತ್ತುತ್ತಿದ್ದಿರಿ, ಬಾಗಿಲಲ್ಲಿ ನಿಂತ ನಿಮ್ಮ ಟೀಚರು ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಎಣಿಸುತ್ತಿದ್ದರು. ಅದನ್ನು ನಾನು ಮೂರು ಸಲ ಹಾಕಿಸಿಕೊಂಡು ನೋಡಿದೆ.

ಕುಲುಮೆಯ ಗೋಡೆ ಕೆಡವಿದ ದಿನ ನಾನೇ ಹೋಗಿ ಆ ಮೊಳೆಯನ್ನು ಕಿತ್ತು ತಂದೆ. ಈ ಮನೆಯ ಮುಂಬಾಗಿಲ ಪಕ್ಕದಲ್ಲಿ, ನಿಮ್ಮಪ್ಪ ಕಾರಿನ ಕೀಲಿ ನೇತುಹಾಕುತ್ತಾನಲ್ಲ, ಅದೇ. ನಿಮ್ಮ ಚೀಲಗಳು ಮಾತ್ರ ಶಾಲೆಯಿಂದ ಬಂದ ಕೂಡಲೇ ನೇರ ಸೋಫಾದ ಮೇಲೆ ಬೀಳುತ್ತವೆ. ಅಷ್ಟು ಪುಸ್ತಕದ ಭಾರವನ್ನು ಆ ಹಳೆಯ ಮೊಳೆ ತಡೆಯುವುದಿಲ್ಲ ಎಂದು ನಿಮ್ಮಮ್ಮ ಹೇಳುತ್ತಾಳೆ. ತಡೆಯುತ್ತದೆ, ಮಕ್ಕಳೇ. ನಾಳೆ ಒಂದು ಸಲ ನೇತುಹಾಕಿ ನೋಡಿ.